ಓದೋಕೆ ಒದ್ದಾಡೋ ಮಗೂಗೆ ಯಾವ ದಾರಿ: ಟ್ಯೂಷನ್ನಾ, ರೆಮಿಡಿಯಲ್ಲಾ, ಬೇರೆ ಸ್ಕೂಲಾ, ಬೇರೆ ಬೋರ್ಡಾ?

ನನ್ನ ಮಗ ಮೂರನೇ ಕ್ಲಾಸಲ್ಲಿದ್ದಾಗ ಒಂದಿನ ಕನ್ನಡ ಪುಸ್ತಕ ಇಟ್ಕೊಂಡು "ಸೂರ್ಯ" ಅನ್ನೋ ಪದನ "ಸೂಯ ಒಂಬತ್ತು" ಅಂತ ಓದಿದ. ಮನೇಲಿ ಎಲ್ರೂ ನಕ್ಬಿಟ್ವಿ, ಅವನೂ ನಕ್ಕ. ರಾತ್ರಿ ಪಾತ್ರೆ ತೊಳೀತಾ ಇದ್ದಾಗ ಹೊಳೀತು, ಅವನೇನೂ ತಮಾಷೆ ಮಾಡಿರ್ಲಿಲ್ಲ, ಅರ್ಕಾವತ್ತು ನೋಡೋಕೆ ಕನ್ನಡದ ಒಂಬತ್ತರ ಥರಾನೇ ಇರತ್ತಲ್ಲ, ಕಂಡಿದ್ದನ್ನ ಕಂಡ ಹಂಗೇ ಓದಿದ್ದ ಅಷ್ಟೇ. ಅದೇ ಹುಡುಗನ್ನ ಬಾಯಲ್ಲಿ ಕೇಳಿದ್ರೆ ಗ್ರಹಣ ಹೆಂಗಾಗತ್ತೆ, ಸೂರ್ಯ ಎಷ್ಟು ದೂರ ಇದಾನೆ ಎಲ್ಲಾ ಪಟಪಟ ಹೇಳೋನು.

ಈಗ ಅವನು ಒಂಬತ್ತನೇ ಕ್ಲಾಸು. ಈ ಆರು ವರ್ಷದಲ್ಲಿ ಟ್ಯೂಷನ್ ಹಾಕಿದ್ವಿ, ಬಿಡಿಸಿದ್ವಿ, ರೆಮಿಡಿಯಲ್ (ಓದೋದನ್ನೇ ಬುಡದಿಂದ ಹೇಳ್ಕೊಡೋ) ಕ್ಲಾಸಿಗೆ ಕಳಿಸಿದ್ವಿ, ಒಂದ್ಸಲ ಸ್ಕೂಲು ಬದಲಾಯಿಸಿದ್ವಿ, ಎನ್‌ಐಓಎಸ್ (ಮನೇಲೇ ಓದಿ ಪರೀಕ್ಷೆ ಬರೆಯೋ ಮುಕ್ತ ಶಾಲೆ) ಪ್ರಾಸ್ಪೆಕ್ಟಸ್‌ವರೆಗೂ ಹೋಗಿ ವಾಪಸ್ ಬಂದ್ವಿ. ಬೆಂಗಳೂರಲ್ಲಿರೋ ನಮ್ಮಕ್ಕನ ಮಗಳದ್ದು ಪೂರ್ತಿ ಉಲ್ಟಾ ಕಥೆ, ಓದೋದು ನೀರು ಕುಡಿದ ಹಂಗೆ, ಆದ್ರೆ ಒಂದು ಪೇಜ್ ಮೇಲೆ ಐದು ನಿಮಿಷ ಗಮನ ನಿಲ್ಲಲ್ಲ. ಅವಳಿಗೆ ನಾವು ಆರಿಸಿದ್ದು, ಇವನಿಗೆ ಆರಿಸಿದ್ದು ಎರಡೂ ಬೇರೆ ಬೇರೆ. ನನ್ನ ಕೇಳ್ಕೊಂಡು ಬರೋ ಅಮ್ಮಂದಿರಿಗೆ ಪ್ರತೀ ಸಲ ಫೋನಲ್ಲಿ ಹೇಳೋದ್ರ ಬದ್ಲು ಒಂದ್ಸಲ ಬರೆದಿಟ್ರೆ ಆಯ್ತು ಅಂತ ಕೂತಿದೀನಿ.

ಒಂದು ಅಳತೆಗೋಲು ಮೊದ್ಲೇ ಹೇಳಿಬಿಡ್ತೀನಿ, ಕೆಳಗೆ ಬರೋ ಎಲ್ಲಾದಕ್ಕೂ ಅದನ್ನೇ ಹಿಡೀತೀನಿ. ಸಂಜೆ ನಾಲ್ಕೂವರೆಗೆ ಮಗು ಮನೆಗೆ ಬಂದಾಗ ಹೆಂಗಿರತ್ತೆ? ಬ್ಯಾಗ್ ಎಸೆದು ಆಟಕ್ಕೆ ಓಡತ್ತಾ, ಇಲ್ಲಾ ಸೋಫಾ ಮೇಲೆ ಮಗುಚ್ಕೊಂಡು ಸುಮ್ನೆ ಗೋಡೆ ನೋಡತ್ತಾ? ನಾವು ಮಾರ್ಕ್ಸ್ ಕಾರ್ಡ್ ನೋಡಿ ಲೆಕ್ಕ ಹಾಕ್ತೀವಿ, ಆದ್ರೆ ಈ ಮಕ್ಕಳು ಬೇರೆ ಮಕ್ಕಳಿಗೆ ಪುಕ್ಕಟೆ ಸಿಗೋ ಕೆಲಸಕ್ಕೆ, ಅಂದ್ರೆ ಅಕ್ಷರ ಗುರುತಿಸೋಕೆ, ಮಿಸ್ ಹೇಳಿದ್ದನ್ನ ಹಿಡಿದಿಟ್ಕೊಳ್ಳೋಕೆ, ಇಡೀ ದಿನದ ಶಕ್ತಿ ಸುರಿದು ಬಂದಿರ್ತಾವೆ. ಯಾವ ದಾರಿ ಆರಿಸಿದ್ರೆ ಆ ಸುರಿಯೋದು ಕಮ್ಮಿ ಆಗತ್ತೋ ಅದು ಒಳ್ಳೇ ದಾರಿ, ನನ್ನ ಮಟ್ಟಿಗೆ.

ಮೊದ್ಲು: ಅಕ್ಷರದ ತೊಂದ್ರೆನಾ, ಗಮನದ ತೊಂದ್ರೆನಾ

ಇದು ಗೊತ್ತಿಲ್ದೆ ಸ್ಕೂಲ್ ಹುಡುಕೋಕೆ ಹೊರಡ್ಬೇಡಿ. ಮನೇಲೇ ಒಂದು ಪರೀಕ್ಷೆ ಮಾಡಿ ನೋಡ್ಬೋದು (ಇದೇನು ಡಾಕ್ಟರ್ ರಿಪೋರ್ಟ್ ಅಲ್ಲ, ನಿಮ್ಗೆ ಒಂದು ಅಂದಾಜಿಗೆ). ಒಂದು ಪಾಠ ನೀವೇ ಜೋರಾಗಿ ಓದಿ ಹೇಳಿ ಪ್ರಶ್ನೆ ಕೇಳಿ, ಇನ್ನೊಂದು ಪಾಠ ಮಗು ಕೈಲೇ ಓದಿಸಿ ಪ್ರಶ್ನೆ ಕೇಳಿ. ಕೇಳಿದ್ದಕ್ಕೆಲ್ಲಾ ಉತ್ತರ ಹೇಳಿ, ತಾನೇ ಓದಿದ್ದಕ್ಕೆ ಮಾತ್ರ ಬಾಯಿ ಬಿಡ್ಲಿಲ್ಲ ಅಂದ್ರೆ ಅಕ್ಷರದ ಕಡೆ ನೋಡ್ಬೇಕು, ಡಿಸ್ಲೆಕ್ಸಿಯಾ ಅಂತಾರಲ್ಲ ಅದು, ಬರೆಯೋದ್ರಲ್ಲಿ ಬಂದ್ರೆ ಡಿಸ್‌ಗ್ರಾಫಿಯಾ, ಲೆಕ್ಕದಲ್ಲಿ ಬಂದ್ರೆ ಡಿಸ್‌ಕ್ಯಾಲ್ಕುಲಿಯಾ, ಕಾನೂನು ಭಾಷೇಲಿ ಎಲ್ಲಾ ಸೇರಿ ನಿರ್ದಿಷ್ಟ ಕಲಿಕಾ ನ್ಯೂನತೆ. ಎರಡಕ್ಕೂ ಉತ್ತರ ಬರಲ್ಲ, ಅರ್ಧ ಪಾಠಕ್ಕೇ ಕಣ್ಣು ಕಿಟಕಿ ಕಡೆ ಹೋಗತ್ತೆ, ಆದ್ರೆ ಓದೋವಾಗ ತಡವರಿಸಲ್ಲ ಅಂದ್ರೆ ಗಮನದ ಕಡೆ, ಎಡಿಎಚ್‌ಡಿ ಇರ್ಬೋದು. ಎರಡೂ ಒಟ್ಟಿಗೆ ಇರೋ ಮಕ್ಕಳೂ ಬೇಕಾದಷ್ಟಿದಾರೆ. ಇದಕ್ಕೂ ಮುಂಚೆ ಕಣ್ಣು, ಕಿವಿ ಎರಡೂ ಟೆಸ್ಟ್ ಮಾಡಿಸಿ, ಕನ್ನಡಕ ಬೇಕಾಗಿರೋ ಮಗೂನ ದಡ್ಡ ಅಂತ ಎರಡು ವರ್ಷ ಬೈದಿರೋರನ್ನ ನಾನೇ ನೋಡಿದೀನಿ.

ಎಡಿಎಚ್‌ಡಿ ಅನ್ನೋಕೆ ಡಾಕ್ಟರುಗಳು ನೋಡೋದು ಏನಂದ್ರೆ, ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರ್ಬೇಕು, 12 ವರ್ಷಕ್ಕೆ ಮುಂಚೆ ಶುರುವಾಗಿರ್ಬೇಕು, ಮತ್ತೆ ಎರಡು ಜಾಗದಲ್ಲಾದ್ರೂ ಕಾಣಿಸ್ಬೇಕು, ಅಂದ್ರೆ ಮನೆ ಮತ್ತೆ ಸ್ಕೂಲು. ಸ್ಕೂಲಲ್ಲಿ ಮಾತ್ರ ಕಾಣ್ತಿದೆ, ಮನೇಲಿ ಅಜ್ಜಿ ಮನೇಲಿ ಎಲ್ಲೂ ಇಲ್ಲ ಅಂದ್ರೆ ಆ ಕ್ಲಾಸ್‌ರೂಮಲ್ಲಿ ಏನು ನಡೀತಿದೆ ಅಂತ ನೋಡಿ. ಇನ್ನೊಂದು, ಕುಣಿದಾಡೋ ಗಂಡು ಮಕ್ಕಳದ್ದು ಎಲ್ಲರ ಕಣ್ಣಿಗೂ ಬೀಳತ್ತೆ, ನಮ್ಮಕ್ಕನ ಮಗಳ ಥರ ಸುಮ್ನೆ ಕೂತು ಕನಸು ಕಾಣೋ ಹೆಣ್ಣು ಮಕ್ಕಳದ್ದು ಯಾರ ಕಣ್ಣಿಗೂ ಬೀಳಲ್ಲ. ಅವಳದ್ದು ಗೊತ್ತಾಗಿದ್ದು ಏಳನೇ ಕ್ಲಾಸಲ್ಲಿ, ಅಲ್ಲೀವರೆಗೂ ಪ್ರತೀ ರಿಪೋರ್ಟ್ ಕಾರ್ಡಲ್ಲೂ "ಬುದ್ಧಿ ಇದೆ, ಆಸಕ್ತಿ ಇಲ್ಲ" ಅಂತ ಒಂದೇ ಸಾಲು.

ಅಕ್ಷರದ ವಿಷ್ಯದಲ್ಲಿ ಒಂದನೇ ಕ್ಲಾಸಿಗೇ ಗಾಬರಿ ಬೀಳ್ಬೇಡಿ. ಕನ್ನಡ ಮಾತಾಡ್ದಂಗೆ ಬರೆಯೋ ಭಾಷೆ, ಸುಲಭ ಅಂತೀವಿ, ಆದ್ರೆ ಕಾಗುಣಿತ, ಒತ್ತಕ್ಷರ ಸೇರಿ ಮಗು ಗುರುತು ಹಿಡೀಬೇಕಾದ ಆಕಾರಗಳು ನೂರಾರು. ಸೋನಾಲಿ ನಾಗ್ ಅನ್ನೋ ಸಂಶೋಧಕಿ ಕನ್ನಡ ಓದೋ ಮಕ್ಕಳ ಬಗ್ಗೆ ಮಾಡಿದ ಅಧ್ಯಯನ 2007ರಲ್ಲಿ ಬಂತು, ಇಂಗ್ಲಿಷಿನ 26 ಅಕ್ಷರದ ಥರ ಇದು ಮೊದಲ ವರ್ಷದಲ್ಲೇ ಮುಗಿಯಲ್ಲ, ಸಾಧಾರಣ ಮಕ್ಕಳಿಗೂ ಮುಂದಿನ ಕ್ಲಾಸುಗಳವರೆಗೂ ಎಳೆಯತ್ತೆ ಅನ್ನೋದು ಅದರಲ್ಲಿ ಕಂಡಿತ್ತು. ಹಂಗಾಗಿ ಎರಡನೇ ಕ್ಲಾಸಿನ ಮಗು ಪ ಮತ್ತೆ ಷ, ಬ ಮತ್ತೆ ಭ ಅದಲು ಬದಲು ಮಾಡಿದ್ರೆ ಸಹಜ. ಮೂರು ಮುಗಿದು ನಾಲ್ಕಕ್ಕೆ ಬಂದ್ರೂ "ವನ", "ಪನ", "ಷನ" ಮೂರೂ ಒಂದೇ ಥರ ಕಾಣ್ತಿದ್ರೆ, ನಿನ್ನೆ ಹತ್ತು ಸಲ ಓದಿದ ಪದ ಇವತ್ತು ಹೊಸದಾಗಿದ್ರೆ, ಆಗ ಎದ್ದೇಳಿ. ನಮ್ಮತ್ತೆ "ಇವರಪ್ಪನೂ ಹಿಂಗೇ ಇದ್ದ ಕಣೇ, ಆಮೇಲೆ ಸರಿಹೋದ" ಅಂತಿದ್ರು. ಡಿಸ್ಲೆಕ್ಸಿಯಾ ವಂಶದಲ್ಲಿ ಹರಿದು ಬರತ್ತೆ ಅಂತ ಆಮೇಲೆ ಗೊತ್ತಾಯ್ತು, ಅತ್ತೆ ಗೊತ್ತಿಲ್ದೇನೇ ರೋಗಪತ್ತೆ ಮಾಡಿದ್ರು. ನಮ್ಮನೆಯವ್ರು ಇವತ್ತಿಗೂ ಪೇಪರ್ ಓದಲ್ಲ, ಟಿವಿ ನ್ಯೂಸೇ.

ಟೆಸ್ಟ್ ಎಲ್ಲಿ ಮಾಡಿಸೋದು: ಸರ್ಕಾರಿನಾ, ಪ್ರೈವೇಟಾ

ಮೈಸೂರು ಕಡೆಯವ್ರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಲ್ಲಿ ನಿಮ್ಹಾನ್ಸ್‌ನ ಮಕ್ಕಳ ವಿಭಾಗ, ಧಾರವಾಡ ಕಡೆಗೆ ಡಿಮ್ಹಾನ್ಸ್ (ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ). ಖರ್ಚು ಕಮ್ಮಿ, ಕನ್ನಡದಲ್ಲೇ ಮಾತಾಡಿಸ್ತಾರೆ. ಆದ್ರೆ ಒಂದೇ ದಿನಕ್ಕೆ ಮುಗಿಯಲ್ಲ, ಎರಡು ಮೂರು ಸಲ ರಜೆ ಹಾಕಿ ಓಡಾಡ್ಬೇಕು. ಪ್ರೈವೇಟ್ ಸೈಕಾಲಜಿಸ್ಟ್ ಬೇಗ ಮುಗಿಸ್ತಾರೆ, ಸಾವಿರಗಟ್ಟಲೆ ತಗೋತಾರೆ, ರಿಪೋರ್ಟ್ ಚೆನ್ನಾಗಿ ಬೈಂಡ್ ಮಾಡಿ ಕೊಡ್ತಾರೆ. ಮನೇಲಿ ಏನು ಮಾಡ್ಬೇಕು ಅಂತ ತಿಳ್ಕೊಳ್ಳೋಕೆ ಎರಡೂ ಒಂದೇ. ಬೋರ್ಡ್ ಪರೀಕ್ಷೆ ರಿಯಾಯಿತಿ ಬೇಕು ಅಂದ್ರೆ ಮಾತ್ರ ಸರ್ಕಾರಿ ಮೆಡಿಕಲ್ ಬೋರ್ಡಿನ ಸರ್ಟಿಫಿಕೇಟ್ ಇಲ್ದೆ ಪ್ರೈವೇಟ್ ರಿಪೋರ್ಟ್ ಒಂದನ್ನೇ ನಂಬ್ಕೊಂಡು ಕೂರ್ಬೇಡಿ. ನಾವು ಮೊದ್ಲು ಪ್ರೈವೇಟಲ್ಲಿ ಮಾಡಿಸಿ ಆಮೇಲೆ ಮತ್ತೆ ಸರ್ಕಾರಿಯಲ್ಲಿ ಮಾಡಿಸಿದ್ವಿ, ದುಡ್ಡು ಎರಡು ಸಲ ಹೋಯ್ತು. ನೀವು ಹಂಗ್ ಮಾಡ್ಬೇಡಿ.

ಟ್ಯೂಷನ್ ವರ್ಸಸ್ ರೆಮಿಡಿಯಲ್

ಇದೇ ಅತೀ ಹೆಚ್ಚು ಜನ ಎಡವೋ ಜಾಗ, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ.

ಟ್ಯೂಷನ್ ಅಂದ್ರೆ ಸ್ಕೂಲಲ್ಲಿ ಆಗಿದ್ದನ್ನೇ ಇನ್ನೊಂದ್ಸಲ. ನಮ್ಮ ಬೀದಿ ಕೊನೇಲಿ ಒಬ್ರು ಮೇಡಂ ಮನೇಲೇ ಟ್ಯೂಷನ್ ಹೇಳ್ಕೊಡೋರು, ತುಂಬಾ ಒಳ್ಳೆಯವ್ರು, ಹದಿನೈದು ಮಕ್ಕಳು ಚಾಪೆ ಮೇಲೆ ಕೂತು ನಾಳೆ ಟೆಸ್ಟಿಗೆ ಪ್ರಶ್ನೋತ್ತರ ಉರು ಹೊಡಿಯೋರು. ನನ್ನ ಮಗ ಪಕ್ಕದವನು ಜೋರಾಗಿ ಓದೋದು ಕೇಳಿ ಕೇಳಿನೇ ಬಾಯಿಪಾಠ ಮಾಡ್ತಿದ್ದ, ಟೆಸ್ಟಲ್ಲಿ ಪ್ರಶ್ನೆ ಓದೋಕೇ ಬರ್ದೆ ಒಂದನೇ ಪ್ರಶ್ನೆಗೆ ಮೂರನೇ ಉತ್ತರ ಬರೆದು ಬರ್ತಿದ್ದ. ಮನೆಗೆ ಬರೋ ಹೊತ್ತಿಗೆ ಏಳೂವರೆ, ಊಟ ಮಾಡ್ತಾನೇ ತೂಕಡಿಕೆ. ಒಂದು ವರ್ಷ ಹಿಂಗೇ ಹೋಯ್ತು. ಓದೋದ್ರಲ್ಲಿ ಒಂದಿಂಚು ಮುಂದೆ ಹೋಗಿರ್ಲಿಲ್ಲ.

ರೆಮಿಡಿಯಲ್ ಅಂದ್ರೆ ಸ್ಕೂಲ್ ಪೋರ್ಷನ್ನೇ ಮುಟ್ಟಲ್ಲ. ಸ್ಪೆಷಲ್ ಎಜುಕೇಟರ್ (ಇಂಥ ಮಕ್ಕಳಿಗೆ ಹೇಳ್ಕೊಡೋಕೆ ಅಂತಾನೇ ಕಲಿತಿರೋ ಟೀಚರ್) ಮೊದಲ ದಿನ ನನ್ನ ಮಗನ ಕೈಗೆ ಪುಸ್ತಕಾನೇ ಕೊಡ್ಲಿಲ್ಲ. "ಮರ" ಅಂತ ಹೇಳಿ, "ಮ" ತೆಗೆದ್ರೆ ಏನು ಉಳಿಯತ್ತೆ, "ರ" ಜಾಗದಲ್ಲಿ "ನೆ" ಹಾಕಿದ್ರೆ ಏನಾಗತ್ತೆ ಅಂತ ಬರೀ ಬಾಯಾಟ. ಆಮೇಲೆ ತಟ್ಟೇಲಿ ರವೆ ಹಾಕಿ ಬೆರಳಲ್ಲಿ ಅಕ್ಷರ ತೀಡ್ಸೋದು, ತೀಡ್ತಾ ಬಾಯಲ್ಲೂ ಹೇಳ್ಬೇಕು, ಕಣ್ಣು ಕಿವಿ ಕೈ ಮೂರಕ್ಕೂ ಒಟ್ಟಿಗೆ ಕೆಲಸ. ಅರ್ಕಾವತ್ತಿಗೆ ಅವರು ಮಾಡಿದ ಉಪಾಯ ನನಗೆ ಇವತ್ತಿಗೂ ನೆನಪಿದೆ. ಸಣ್ಣ ಸಣ್ಣ ರಟ್ಟಿನ ಚೂರಲ್ಲಿ ಸೂ, ಯ, ಆ ಒಂಬತ್ತರ ಥರದ ಗುರುತು ಮೂರನ್ನೂ ಬರೆದು, ಓದೋವಾಗ ಆ ಗುರುತಿನ ಚೂರನ್ನ ಬೆರಳಲ್ಲಿ ಎತ್ತಿ ಯ ಮೇಲಿಂದ ಹಾರಿಸಿ ಈಚೆ ತಂದು ಇಡ್ಬೇಕು, ಇಟ್ಟು "ಸೂ... ರ್... ಯ" ಅನ್ಬೇಕು. "ಇದು ಲೇಟಾಗಿ ಬಂದು ಮುಂದಿನ ಸೀಟಲ್ಲಿ ಕೂರೋ ಹುಡುಗ" ಅಂತ ಹೆಸರಿಟ್ಟಿದ್ರು. ಹದಿನೈದು ದಿನದಲ್ಲಿ ವರ್ಷ, ಕಾರ್ಯ, ಧೈರ್ಯ ಎಲ್ಲಾ ಬಂತು. ಕನ್ನಡದಲ್ಲಿ ಬರೆಯೋ ಸಾಲು ಒಂದು, ಉಚ್ಚರಿಸೋ ಸಾಲು ಇನ್ನೊಂದು ಆಗೋ ಜಾಗ ಅದು ಅಂತ ನಲವತ್ತು ವರ್ಷ ಕನ್ನಡ ಓದಿದ ನನಗೇ ಹೊಳೆದಿರ್ಲಿಲ್ಲ ನೋಡಿ.

ವಾರಕ್ಕೆ ಮೂರು ದಿನ, 40 ನಿಮಿಷ, ಒಬ್ಬರಿಗೊಬ್ರು. ಒಂದು ಕ್ಲಾಸಿಗೆ 500 ರೂಪಾಯಿ ಕೊಡ್ತಿದ್ವಿ, ತಿಂಗಳಿಗೆ ಲೆಕ್ಕ ಹಾಕಿದ್ರೆ ಕೈ ಕಚ್ಚತ್ತೆ, ಸುಳ್ಳು ಹೇಳಲ್ಲ. ಅಷ್ಟಾಗಲ್ಲ ಅಂದ್ರೆ ಸರ್ಕಾರಿ ದಾರಿ ಒಂದಿದೆ, ಪ್ರತೀ ಬ್ಲಾಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯ ಇರೋ ಮಕ್ಕಳಿಗೆ ಅಂತ ಬಿಐಇಆರ್‌ಟಿ ಅನ್ನೋ ಸಂಪನ್ಮೂಲ ಶಿಕ್ಷಕರು ಇರ್ತಾರೆ. ಒಬ್ಬೊಬ್ರ ಮೇಲೆ ಇಡೀ ತಾಲ್ಲೂಕಿನ ಹೊರೆ, ವಾರಕ್ಕೆ ಮೂರು ದಿನ ಸಿಗ್ತಾರೆ ಅಂತ ಅಂದ್ಕೋಬೇಡಿ, ಆದ್ರೆ ಹೆಂಗೆ ಹೇಳ್ಕೊಡ್ಬೇಕು ಅಂತ ನಿಮ್ಗೆ ತೋರಿಸ್ಕೊಡಿ ಅಂತ ಕೇಳಿದ್ರೆ ಮನೇಲಿ ನೀವೇ ದಿನಾ ಇಪ್ಪತ್ತು ನಿಮಿಷ ಮಾಡ್ಬೋದು.

ಗಮನದ ತೊಂದ್ರೆ ಇರೋ ಮಗೂಗೆ ರೆಮಿಡಿಯಲ್ ಅಷ್ಟು ಬೇಕಾಗಿಲ್ಲ, ಹದಿನೈದು ಮಕ್ಕಳ ಟ್ಯೂಷನ್ ಅಂತೂ ಬೇಡ್ವೇ ಬೇಡ. ಅಂಥ ಮಗೂಗೆ ಪಕ್ಕದಲ್ಲಿ ಸುಮ್ನೆ ಕೂತಿರೋ ಒಬ್ಬ ದೊಡ್ಡವ್ರು ಸಾಕು, ಹತ್ತು ನಿಮಿಷ ಕೆಲಸ ಎರಡು ನಿಮಿಷ ಓಡಾಟ, ಒಂದ್ಸಲಕ್ಕೆ ಒಂದೇ ಮಾತು ಹೇಳೋದು. "ಬ್ಯಾಗ್ ತೆಗಿ, ಡೈರಿ ನೋಡು, ಮ್ಯಾಥ್ಸ್ ಮಾಡು, ಮುಗಿಸಿ ಹಾಲು ಕುಡಿ" ಅಂದ್ರೆ ಅದರಲ್ಲಿ ಹಾಲು ಒಂದೇ ಉಳಿಯತ್ತೆ.

ಮತ್ತೆ ಈ ಮಿಡ್‌ಬ್ರೈನ್ ಆಕ್ಟಿವೇಷನ್, ಕಣ್ಣಿಗೆ ಬಟ್ಟೆ ಕಟ್ಟಿ ಓದಿಸ್ತೀವಿ ಅನ್ನೋರು, ಮೆಮೊರಿ ಪೌಡರ್ ಮಾರೋರು... ಕಣ್ಣು ಬಿಟ್ಕೊಂಡು ಓದೋಕೆ ಕಷ್ಟಪಡೋ ಮಗೂಗೆ ಕಣ್ಣು ಕಟ್ಟಿ ಓದಿಸ್ತೀನಿ ಅನ್ನೋರ ಹತ್ರ ಏನು ಮಾತಾಡೋದು, ಮುಂದಕ್ಕೆ ಹೋಗೋಣ.

ಇದೇ ಸ್ಕೂಲಾ, ಬೇರೆ ಸ್ಕೂಲಾ, ಸ್ಪೆಷಲ್ ಸ್ಕೂಲಾ

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಒಬ್ಬ ಕ್ಲಾಸ್ ಟೀಚರ್ ಆದ್ರೂ ಮಗು ಕಡೆ ಇದಾರೆ ಅಂದ್ರೆ ಆ ಸ್ಕೂಲ್ ಬಿಡಿಸ್ಬೇಡಿ. ಬಿಲ್ಡಿಂಗು, ಸ್ಮಾರ್ಟ್ ಬೋರ್ಡು, "ನಮ್ಮಲ್ಲಿ ಇನ್‌ಕ್ಲೂಸಿವ್ ಎಜುಕೇಷನ್ ಇದೆ" (ಎಲ್ಲಾ ಥರದ ಮಕ್ಕಳಿಗೂ ಒಟ್ಟಿಗೇ ಕಲಿಸ್ತೀವಿ) ಅನ್ನೋ ಬ್ರೋಷರ್ ಇದ್ಯಾವುದೂ ಲೆಕ್ಕಕ್ಕಿಲ್ಲ. ಅಡ್ಮಿಷನ್‌ಗೆ ಹೋದಾಗ ಒಂದೇ ಪ್ರಶ್ನೆ ಕೇಳಿ, "ನಿಮ್ಮಲ್ಲಿ ಸ್ಪೆಷಲ್ ಎಜುಕೇಟರ್ ಯಾರು, ನಾನು ಅವರ ಜೊತೆ ಹತ್ತು ನಿಮಿಷ ಮಾತಾಡ್ಬೋದಾ". ಮಾತು ತಿರುಗಿಸಿದ್ರೆ ಎದ್ದು ಬನ್ನಿ.

ನಾವು ಸ್ಕೂಲ್ ಬದಲಾಯಿಸಿದ್ದು ಐದನೇ ಕ್ಲಾಸಲ್ಲಿ. ಹಳೇ ಸ್ಕೂಲಲ್ಲಿ ಒಂದು ಸೆಕ್ಷನ್‌ಗೆ ಐವತ್ತು ಚಿಲ್ಲರೆ ಮಕ್ಕಳು, ಬೋರ್ಡಿಂದ ಕಾಪಿ ಮಾಡಿ ಮುಗಿಸಿಲ್ಲ ಅಂತ ದಿನಾ ಲಂಚ್ ಬ್ರೇಕಲ್ಲಿ ಕೂರಿಸೋರು, ಆಡೋ ಹೊತ್ತಲ್ಲೂ ಅಕ್ಷರ. ಕೊನೆಗೆ ಆಫೀಸಿಗೆ ಕರೆಸಿ "ಟಿಸಿ ತಗೊಂಡ್ರೆ ನಿಮ್ಗೇ ಒಳ್ಳೇದು" ಅಂದ್ರು. ಆಗ ನಮಗೆ ಗೊತ್ತಿರ್ಲಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸ್ ಮುಗಿಯೋವರೆಗೂ ಮಗೂನ ಸ್ಕೂಲಿಂದ ಹೊರಗೆ ಹಾಕೋ ಹಂಗಿಲ್ಲ. ಗೊತ್ತಿದ್ರೂ ಬಿಡಿಸ್ತಿದ್ವೇನೋ, ಆದ್ರೆ ತಲೆ ತಗ್ಗಿಸ್ಕೊಂಡು ಬರ್ತಿರ್ಲಿಲ್ಲ. ಈಗಿನ ಸ್ಕೂಲು ಚಿಕ್ಕದು, ಮುಂದಿನ ಬೆಂಚು, ನೋಟ್ಸ್ ಜೆರಾಕ್ಸ್ ಕೊಡ್ತಾರೆ, ಕ್ಲಾಸಲ್ಲಿ ಎಲ್ರ ಮುಂದೆ ನಿಲ್ಲಿಸಿ ಓದ್ಸಲ್ಲ. ಇಷ್ಟೇ ಮೂರು ಬದಲಾವಣೆ. ಮೊದಲ ವಾರದಲ್ಲೇ ಸಂಜೆ ಕ್ರಿಕೆಟ್ ಬ್ಯಾಟ್ ಹುಡುಕಿದ.

ಸರ್ಕಾರಿ ಶಾಲೆ ಅಂದ ತಕ್ಷಣ ಮೂಗು ಮುರಿಯೋರಿಗೆ ಒಂದು ಮಾತು. ಒಂದರಿಂದ ಮೂರನೇ ಕ್ಲಾಸಿಗೆ ಅಲ್ಲಿ ನಲಿಕಲಿ ಇದೆ, 1995ರಲ್ಲಿ ನಮ್ಮ ಎಚ್.ಡಿ. ಕೋಟೆಯಲ್ಲೇ ಹುಟ್ಟಿದ್ದು ಅದು. ಕಲಿಕಾ ಏಣಿ ಅಂತ ಗೋಡೆಗೆ ಹಾಕಿರ್ತಾರೆ, ಪ್ರತೀ ಮಗು ತನ್ನ ಮೆಟ್ಟಿಲಲ್ಲಿ ತಾನಿರತ್ತೆ, ಪಕ್ಕದ ಮಗು ಮುಂದೆ ಹೋಯ್ತು ಅಂತ ಇದನ್ನ ಎಳೆಯಲ್ಲ. ಅಕ್ಷರನೂ ಅ ಆ ಇ ಈ ಅಂತ ಶುರು ಮಾಡಲ್ಲ, ರ ಗ ಸ ದ ಅ, ಆಮೇಲೆ ಜ ವ ಮ ಬ ನ, ಅಷ್ಟರಲ್ಲೇ ಮಗು ರಸ, ಸರ, ಗರಗಸ ಅಂತ ಪದ ಓದೋಕೆ ಶುರು ಮಾಡತ್ತೆ. ನಿಧಾನಕ್ಕೆ ಕಲಿಯೋ ಮಗೂಗೆ ಇದಕ್ಕಿಂತ ಒಳ್ಳೇ ವ್ಯವಸ್ಥೆ ಫೀಸ್ ಕೊಟ್ರೂ ಎಷ್ಟೋ ಕಡೆ ಸಿಗಲ್ಲ. ನಾಲ್ಕನೇ ಕ್ಲಾಸಿಗೆ ಬಂದ ಕೂಡ್ಲೆ ಅದು ನಿಂತು ಮಾಮೂಲಿ ಪುಸ್ತಕ ಶುರುವಾಗತ್ತೆ, ಅಲ್ಲಿ ಮತ್ತೆ ಕಷ್ಟ. ಟೀಚರ್ ಕೊರತೆ ಇರೋ ಶಾಲೆಯಲ್ಲಿ ನಲಿಕಲಿನೂ ಹೆಸರಿಗೆ ಮಾತ್ರ, ಅದನ್ನ ಹೋಗಿ ನೋಡಿನೇ ತಿಳ್ಕೋಬೇಕು.

ಸ್ಪೆಷಲ್ ಸ್ಕೂಲ್ ಬಗ್ಗೆ: ಬರೀ ಡಿಸ್ಲೆಕ್ಸಿಯಾ ಅಥವಾ ಎಡಿಎಚ್‌ಡಿ ಇರೋ ಮಗೂಗೆ ಸಾಮಾನ್ಯವಾಗಿ ಬೇಕಾಗಲ್ಲ. ಮಗು ದಿನಾ ಬೆಳಗ್ಗೆ ಹೊಟ್ಟೆನೋವು ಅಂತ ಅಳೋ ಮಟ್ಟಕ್ಕೆ ಬಂದಿದ್ರೆ, ಎಲ್ಲಾ ವಿಷಯದಲ್ಲೂ ಎರಡು ಮೂರು ವರ್ಷ ಹಿಂದೆ ಬಿದ್ದಿದ್ರೆ, ಬೆಂಗಳೂರಿನಂಥ ಕಡೆ ಕಲಿಕಾ ತೊಂದ್ರೆಗೇ ಅಂತ ಇರೋ ಸೆಂಟರ್‌ಗಳಿದಾವೆ, ಒಂದೆರಡು ವರ್ಷ ಅಲ್ಲಿದ್ದು ವಾಪಸ್ ಬರ್ಬೋದು. ಸೇರಿಸೋ ಮುಂಚೆ "ವಾಪಸ್ ಹೋಗೋ ಪ್ಲಾನ್ ಏನು" ಅಂತ ಕೇಳಿ.

ಮೀಡಿಯಂ ಮತ್ತೆ ಭಾಷೆಗಳ ಲೆಕ್ಕ

ಮಗು ತಲೆ ಮೇಲೆ ಎಷ್ಟು ಲಿಪಿ ಇದೆ ಅಂತ ಎಣಿಸಿ. ಕನ್ನಡ, ಇಂಗ್ಲಿಷ್, ಹಿಂದಿ, ಮೂರು. ಕನ್ನಡದಲ್ಲಿ ಸದ್ದಿಗೂ ಅಕ್ಷರಕ್ಕೂ ಹೊಂದಾಣಿಕೆ ಇದೆ ಆದ್ರೆ ಆಕಾರ ಜಾಸ್ತಿ, ಇಂಗ್ಲಿಷಲ್ಲಿ ಆಕಾರ ಕಮ್ಮಿ ಆದ್ರೆ ಬರೆಯೋದೊಂದು ಹೇಳೋದೊಂದು. ನನ್ನ ಮಗನಿಗೆ ಇಂಗ್ಲಿಷ್ ಕಾಗುಣಿತಕ್ಕಿಂತ ಕನ್ನಡ ಬೇಗ ಹಿಡೀತು, ಯಾಕಂದ್ರೆ ನಿಯಮ ಒಂದ್ಸಲ ಗೊತ್ತಾದ್ರೆ ಕನ್ನಡ ಮೋಸ ಮಾಡಲ್ಲ. ಮನೆಮಾತು ಕನ್ನಡ ಆಗಿದ್ರೆ ರೆಮಿಡಿಯಲ್ ಕನ್ನಡದಲ್ಲೇ ಶುರು ಮಾಡಿ ಅಂತ ನಾನು ಹೇಳ್ತೀನಿ, ಮೀಡಿಯಂ ಇಂಗ್ಲಿಷೇ ಆಗಿದ್ರೂ ಸರಿ. ಮಧ್ಯದಲ್ಲಿ ಮೀಡಿಯಂ ಬದಲಾಯಿಸೋದು ಮಾತ್ರ ಐದನೇ ಕ್ಲಾಸ್ ಮೇಲೆ ಬೇಡ, ವಿಜ್ಞಾನದ ಪದಗಳನ್ನೆಲ್ಲ ಮತ್ತೆ ಹೊಸದಾಗಿ ಕಲೀಬೇಕು.

ಬೋರ್ಡ್: ಇಲ್ಲಿ ಬಾಗಿಲು ಮುಚ್ಚತ್ತೆ

ಟ್ಯೂಷನ್ ಇವತ್ತು ಬಿಡಿಸ್ಬೋದು, ನಾಳೆ ಹಾಕ್ಬೋದು. ಬೋರ್ಡ್ ಹಂಗಲ್ಲ, ಒಂಬತ್ತನೇ ಕ್ಲಾಸಿನ ರಿಜಿಸ್ಟ್ರೇಷನ್ ಆಗಿಬಿಟ್ರೆ ಆಮೇಲೆ ಅಲ್ಲಾಡಿಸೋದು ಕಷ್ಟ. ಹಂಗಾಗಿ ಈ ಮಾತು ಎಂಟನೇ ಕ್ಲಾಸಿನ ದೀಪಾವಳಿ ಒಳಗೆ ಮನೇಲಿ ಮುಗಿದಿರ್ಬೇಕು.

ನಮ್ಮ ಎಸ್‌ಎಸ್‌ಎಲ್‌ಸಿ ಅಂದ್ರೆ ಆರು ವಿಷಯ, 625 ಮಾರ್ಕ್ಸು, ಅದರಲ್ಲಿ ಭಾಷೆಗಳೇ ಮೂರು. ಪ್ರಥಮ ಭಾಷೆ ಒಂದಕ್ಕೇ 125. ಅಕ್ಷರದ ತೊಂದ್ರೆ ಇರೋ ಮಗೂಗೆ ಅರ್ಧಕ್ಕರ್ಧ ಹೊರೆ ಅಲ್ಲೇ. ಆದ್ರೆ ಸುಮಾರು ಜನಕ್ಕೆ ಗೊತ್ತಿಲ್ಲದ ವಿಷ್ಯ, ಎಸ್‌ಎಸ್‌ಎಲ್‌ಸಿ ಟೈಮ್‌ಟೇಬಲ್ ಸರಿಯಾಗಿ ನೋಡಿ, ಗಣಿತದ ದಿನ ಪಕ್ಕದಲ್ಲೇ ಸಮಾಜಶಾಸ್ತ್ರ ಅಂತ ಇರತ್ತೆ, ವಿಜ್ಞಾನದ ದಿನ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಅಥವಾ ಕರ್ನಾಟಕ ಸಂಗೀತ ಅಂತ ಇರತ್ತೆ. ಅದು ವಿಶೇಷ ಚೇತನ ಮಕ್ಕಳಿಗೆ ಅಂತ ಇಟ್ಟಿರೋ ಬದಲಿ ವಿಷಯ. ಜಾಸ್ತಿ ಟೈಮು, ಬರೆಯೋಕೆ ಸಹಾಯಕರು, ಇವಕ್ಕೂ ಅವಕಾಶ ಇದೆ, ಎಲ್ಲಾ ಎಚ್‌ಎಂ ಮೂಲಕ ಸರ್ಟಿಫಿಕೇಟ್ ಸಮೇತ ಹೋಗ್ಬೇಕು. ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆ ಬಂದಿರೋದೂ ಇಂಥ ಮಕ್ಕಳಿಗೆ ದೊಡ್ಡ ಉಸಿರು, ಒಂದು ವಿಷಯ ಉಳಿದ್ರೆ ವರ್ಷ ಹಾಳಾಗಲ್ಲ. ತೊಂದ್ರೆ ಇರೋದು ನಿಯಮದಲ್ಲಲ್ಲ, ಎಷ್ಟೋ ಸ್ಕೂಲಿಗೆ ಆ ನಿಯಮಾನೇ ಗೊತ್ತಿಲ್ಲ. ಗಣಿತ ವಿಜ್ಞಾನ ಬಿಟ್ರೆ ಮುಂದೆ ಸೈನ್ಸ್ ಇಲ್ಲ ಅನ್ನೋದೂ ನೆನಪಿರ್ಲಿ.

ಸಿಬಿಎಸ್‌ಇಯಲ್ಲಿ ಕಾಗದ ಪತ್ರ ಚೊಕ್ಕ. ಮೂರು ಗಂಟೆ ಪೇಪರಿಗೆ ಇನ್ನೂ 60 ನಿಮಿಷ, ಬರೆಯೋರು ಅಥವಾ ಓದಿ ಹೇಳೋರು, ಹತ್ತನೇ ಕ್ಲಾಸಿಗೆ ಎರಡು ಭಾಷೆ ಬದಲು ಒಂದೇ ಭಾಷೆ ಸಾಕು, ವಿಷಯ ಆರಿಸೋಕೂ ಸಡಿಲ. ಲೆಕ್ಕದ ತೊಂದ್ರೆ ಇರೋ ಮಕ್ಕಳಿಗೆ ಸಾದಾ ಕ್ಯಾಲ್ಕುಲೇಟರ್ ಕೇಳೋ ಅವಕಾಶನೂ 2019ರಿಂದ ಇದೆ. ಪಠ್ಯದ ಭಾರ ಮಾತ್ರ ಜಾಸ್ತಿ, ಉದ್ದುದ್ದ ಪ್ಯಾರಾ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳೋದು ಈಚೆಗೆ ಹೆಚ್ಚಾಗಿದೆ, ಲೆಕ್ಕದ ಪೇಪರಲ್ಲೂ ಓದೋದೇ ಓದೋದು. ಐಸಿಎಸ್‌ಇ ಕೂಡ ರಿಯಾಯಿತಿ ಕೊಡತ್ತೆ, ಎರಡನೇ ಭಾಷೆ ವಿನಾಯಿತಿನೂ ಇದೆ, ಆದ್ರೆ ಇಂಗ್ಲಿಷ್ ಸಾಹಿತ್ಯ, ಪೇಪರುಗಳ ಸಂಖ್ಯೆ ಎಲ್ಲಾ ನೋಡಿದ್ರೆ ಓದೋಕೇ ಕಷ್ಟಪಡೋ ಮಗೂನ ಅಲ್ಲಿಗೆ ಹೊಸದಾಗಿ ಸೇರಿಸೋದು ನನಗೆ ಸರಿ ಕಾಣಲ್ಲ. ಆಗ್ಲೇ ಅಲ್ಲಿದ್ದು ಸ್ಕೂಲ್ ಚೆನ್ನಾಗಿದ್ರೆ ಇರ್ಲಿ.

ಎನ್‌ಐಓಎಸ್ ಅಂದ್ರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ, 1989ರಿಂದ ಇದೆ. ಅದನ್ನ ಫೇಲಾದೋರ ಜಾಗ ಅಂತ ನೋಡೋ ನೆಂಟರು ಇದ್ದೇ ಇರ್ತಾರೆ, ಬಿಡಿ. 14 ವರ್ಷ ತುಂಬಿದ್ರೆ ಹತ್ತನೇ ಕ್ಲಾಸಿಗೆ ಸೇರ್ಬೋದು. ಐದೇ ವಿಷಯ, ಒಂದು ಭಾಷೆ ಇದ್ರೆ ಸಾಕು, ಗಣಿತ ಬೇಡ ಅಂದ್ರೆ ಬೇಡ, ಪೇಂಟಿಂಗ್, ಹೋಮ್ ಸೈನ್ಸ್, ಡೇಟಾ ಎಂಟ್ರಿ ಥರದ್ದೂ ಇದೆ. ಐದೂ ಒಂದೇ ಸಲ ಬರೀಬೇಕಿಲ್ಲ, 5 ವರ್ಷದೊಳಗೆ 9 ಸಲ ಅವಕಾಶ, ಈ ಸಲ ಎರಡು ಮುಂದಿನ ಸಲ ಮೂರು ಅಂತ ಬರ್ಕೊಂಡು ಹೋಗ್ಬೋದು. ಶೇಕಡಾ 20 ಅಂಕ ಮನೇಲಿ ಮಾಡೋ ಅಸೈನ್‌ಮೆಂಟಿಗೆ. ಕಾಗದದ ಮೇಲೆ ನೋಡಿದ್ರೆ ಇದೇ ಎಲ್ಲಕ್ಕಿಂತ ಒಳ್ಳೇದು.

ಆದ್ರೆ ನಾವು ವಾಪಸ್ ಬಂದಿದ್ದು ಯಾಕೆ? ಸ್ಕೂಲ್ ಇರಲ್ಲ. ಬೆಳಗ್ಗೆ ಎದ್ದು ಯೂನಿಫಾರ್ಮ್ ಹಾಕ್ಕೊಂಡು ಹೋಗೋದು, ಫ್ರೆಂಡ್ಸು, ಸ್ಪೋರ್ಟ್ಸ್ ಡೇ, ಇದ್ಯಾವುದೂ ಇರಲ್ಲ, ಎನ್‌ಐಓಎಸ್‌ಗೆ ತಯಾರು ಮಾಡೋ ಸೆಂಟರ್‌ಗೆ ಸೇರಿಸಿದ್ರೆ ಅದರ ಫೀಸು ಬೇರೆ. ನನ್ನ ಮಗನಿಗೆ ಕಬಡ್ಡಿ ಟೀಮೇ ಜೀವ, ಅದನ್ನ ಕಿತ್ಕೊಂಡು ಮಾರ್ಕ್ಸ್ ಕೊಡೋದು ಬೇಡ ಅನ್ನಿಸ್ತು. ಸ್ಕೂಲೇ ಮಗೂಗೆ ಹಿಂಸೆ ಆಗಿದ್ರೆ, ಅಥವಾ ಸಂಗೀತ, ಆಟ ಅಂತ ಒಂದರಲ್ಲಿ ಮುಳುಗಿರೋ ಮಗು ಆಗಿದ್ರೆ ಎನ್‌ಐಓಎಸ್ ಕಣ್ಮುಚ್ಚಿ ತಗೊಳ್ಳಿ. ತಾನೇ ಟೈಮ್ ಹಾಕ್ಕೊಂಡು ಓದ್ಬೇಕಾದ ದಾರಿ ಅದು, ಹಂಗಾಗಿ ಬರೀ ಗಮನದ ತೊಂದ್ರೆ ಇರೋ ಮಗೂಗೆ ಇದು ಅಷ್ಟು ಹೊಂದಲ್ಲ, ನಮ್ಮಕ್ಕನ ಮಗಳಿಗೆ "ಈ ತಿಂಗಳಲ್ಲಿ ಯಾವಾಗಾದ್ರೂ ಓದು" ಅಂದ್ರೆ ಆ ತಿಂಗಳು ಬರೋದೇ ಇಲ್ಲ. ಮುಂದೆ ಯಾವ ಪಿಯು ಕಾಲೇಜು ಅಂತ ಮನಸ್ಸಲ್ಲಿದ್ಯೋ ಅಲ್ಲಿನ ಆಫೀಸಲ್ಲಿ ಎನ್‌ಐಓಎಸ್ ಮಕ್ಕಳನ್ನ ತಗೋತೀರಾ ಅಂತ ಮೊದ್ಲೇ ಕೇಳ್ಬಿಡಿ.

ಮಾತ್ರೆ ಬೇಕಾ ಬೇಡ್ವಾ (ಇದು ಎಡಿಎಚ್‌ಡಿಗೆ ಮಾತ್ರ)

ಡಿಸ್ಲೆಕ್ಸಿಯಾಕ್ಕೆ ಮಾತ್ರೆ ಇಲ್ಲ, ಯಾರಾದ್ರೂ ಕೊಟ್ರೆ ತಗೋಬೇಡಿ. ಎಡಿಎಚ್‌ಡಿಗೆ ಇದೆ. 6 ವರ್ಷದೊಳಗಿನ ಮಕ್ಕಳಿಗೆ ಮೊದ್ಲು ಅಪ್ಪ ಅಮ್ಮಂಗೇ ತರಬೇತಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಬೇಕಾದ್ರೆ ಮಾತ್ರೆನೂ ಸೇರಿಸ್ತಾರೆ, ಸಾಮಾನ್ಯವಾಗಿ ಮೀಥೈಲ್‌ಫೆನಿಡೇಟ್, ಅಥವಾ ಅಟೊಮಾಕ್ಸೆಟಿನ್. ಮೊದಲನೇದು ಕೊಟ್ಟ ದಿನಾನೇ ಗೊತ್ತಾಗತ್ತೆ, ಕೆಲವೇ ಗಂಟೆ ಇರತ್ತೆ, ಎರಡನೇದಕ್ಕೆ ವಾರಗಳು ಬೇಕು. ಅಮೆರಿಕದಲ್ಲಿ 579 ಮಕ್ಕಳ ಮೇಲೆ 14 ತಿಂಗಳು ನಡೆಸಿದ ದೊಡ್ಡ ಅಧ್ಯಯನ 1999ರಲ್ಲಿ ಬಂತು, ಗಮನ ಮತ್ತೆ ಚಡಪಡಿಕೆ ಕಮ್ಮಿ ಮಾಡೋದ್ರಲ್ಲಿ ಬರೀ ಬಿಹೇವಿಯರ್ ಥೆರಪಿಗಿಂತ (ನಡವಳಿಕೆ ತಿದ್ದೋ ತರಬೇತಿ) ಸರಿಯಾಗಿ ನೋಡ್ಕೊಂಡು ಕೊಟ್ಟ ಮಾತ್ರೆ ಚೆನ್ನಾಗಿ ಕೆಲಸ ಮಾಡ್ತು, ಎರಡೂ ಸೇರಿಸಿದಾಗ ಕಮ್ಮಿ ಡೋಸ್ ಸಾಕಾಯ್ತು.

ನಮ್ಮಕ್ಕ ಆರು ತಿಂಗಳು ಬೇಡ ಅಂತಾನೇ ಇದ್ಲು, ಚಟ ಆಗತ್ತೆ, ಮಗು ಮಂಕಾಗತ್ತೆ ಅಂತ. ಶುರು ಮಾಡಿದ ಮೂರನೇ ದಿನ ಹುಡುಗಿ ಬಂದು ಹೇಳಿದ್ದು ಇಷ್ಟೇ, "ಅಮ್ಮ, ಇವತ್ತು ಮಿಸ್ ಹೇಳಿದ್ದು ಕೊನೇವರೆಗೂ ಕೇಳಿಸ್ತು". ಮಧ್ಯಾಹ್ನದ ಹಸಿವು ಹೋಯ್ತು, ಟಿಫಿನ್ ಬಾಕ್ಸ್ ಹಂಗೇ ವಾಪಸ್, ಅದಕ್ಕೆ ಬೆಳಗ್ಗೆ ಮಾತ್ರೆಗೆ ಮುಂಚೆ ಎರಡು ದೋಸೆ ಜಾಸ್ತಿ, ರಾತ್ರಿ ಹೊಟ್ಟೆ ತುಂಬ ಊಟ. ಎತ್ತರ ತೂಕ ಬರೆದಿಡ್ಬೇಕು, ನಿದ್ದೆ ನೋಡ್ಬೇಕು, ಸೈಕಿಯಾಟ್ರಿಸ್ಟ್ ಚೀಟಿ ಇಲ್ದೆ ಅಂಗಡೀಲಿ ಕೊಡಲ್ಲ, ಚಿಕ್ಕ ಊರಲ್ಲಿ ಸ್ಟಾಕೂ ಇರಲ್ಲ, ತಿಂಗಳ ಮುಂಚೆ ನೋಡ್ಕೋಬೇಕು. ಮಾತ್ರೆ ಕೂರಿಸತ್ತೆ ಅಷ್ಟೇ, ಕೂತ ಮಗೂಗೆ ಹೇಳ್ಕೊಡೋ ಕೆಲಸ ಹಂಗೇ ಇರತ್ತೆ.

ಸರ್ಟಿಫಿಕೇಟ್: ಮಾಡಿಸೋದಾ, ಬಿಡೋದಾ

ಹೆದರಿಕೆ ಎಲ್ಲರಿಗೂ ಒಂದೇ, "ಮುಂದೆ ಮದುವೆ ಕೆಲಸಕ್ಕೆಲ್ಲ ಅಡ್ಡ ಬಂದ್ರೆ". ಅದು ನಿಮ್ಮ ಫೈಲಲ್ಲಿರೋ ಕಾಗದ, ಬೇಕಾದಾಗ ತೋರಿಸ್ತೀರ, ಬೇಡ ಅಂದ್ರೆ ಇಲ್ಲ. 2016ರ ವಿಕಲಚೇತನರ ಹಕ್ಕು ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಪರೀಕ್ಷೇಲಿ ಜಾಸ್ತಿ ಟೈಮು, ಬರೆಯೋರು, ಎರಡನೇ ಮೂರನೇ ಭಾಷೆ ವಿನಾಯಿತಿ ಇವೆಲ್ಲ ಅದರ 17ನೇ ಸೆಕ್ಷನ್‌ನಲ್ಲೇ ಬರೆದಿದೆ. ಕೇಂದ್ರ 2018ರಲ್ಲಿ ತಂದ ಗೈಡ್‌ಲೈನಲ್ಲಿ ಇದ್ದಿದ್ದು, 8 ವರ್ಷ ಆದ್ಮೇಲೆನೇ ಸರ್ಟಿಫಿಕೇಟ್, 14ಕ್ಕೆ ಮತ್ತೆ, 18ಕ್ಕೆ ಮತ್ತೆ ಟೆಸ್ಟ್, 18ರದ್ದು ಜೀವನಪೂರ್ತಿ. 14ರ ಟೆಸ್ಟ್ ಮರೆತು ಹತ್ತನೇ ಕ್ಲಾಸಿನ ಜನವರಿಯಲ್ಲಿ ಆಸ್ಪತ್ರೆಗೆ ಓಡೋರು ಬಹಳ ಜನ, ಅವಧಿ ಮುಗಿದ ಕಾಗದ ತಗೊಂಡು ಹೋದ್ರೆ ಬೋರ್ಡ್ ಒಪ್ಪಲ್ಲ.

ಎಡಿಎಚ್‌ಡಿ ಆ 21ರ ಪಟ್ಟೀಲಿ ಇಲ್ಲ. ನಮ್ಮಕ್ಕನ ಮಗಳಿಗೆ ಸರ್ಟಿಫಿಕೇಟ್ ದಾರಿ ಇಲ್ಲದ್ದಕ್ಕೇ ಅವಳ ವಿಷಯದಲ್ಲಿ ಸ್ಕೂಲ್ ಆರಿಸೋದು ಜಾಸ್ತಿ ಮುಖ್ಯ ಆಯ್ತು, ಇವನ ವಿಷಯದಲ್ಲಿ ಕಾಗದ ಜಾಸ್ತಿ ಮುಖ್ಯ ಆಯ್ತು. ಒಬ್ಬರ ಮನೆ ಮಗು ನೋಡಿ ಇನ್ನೊಬ್ರು ಕಾಪಿ ಹೊಡೆಯೋಕಾಗದೇ ಇರೋದು ಇದಕ್ಕೇ.

ಈ ಸಲ ಜೂನಲ್ಲಿ ಸ್ಕೂಲ್ ತೆಗೆದ ಎರಡನೇ ದಿನ ನಾನು ಎಚ್‌ಎಂ ಹತ್ರ ಹೋಗಿ ಬಂದೆ. ಒಂದು ಪುಟದ ಅರ್ಜಿ, ಅದರಲ್ಲಿ ನಾಲ್ಕೇ ಸಾಲು ಕೇಳಿಕೆ: ಯೂನಿಟ್ ಟೆಸ್ಟಿಂದಲೇ ಜಾಸ್ತಿ ಟೈಮ್ ಕೊಡಿ, ಪ್ರಶ್ನೆಪತ್ರಿಕೆ ಒಂದ್ಸಲ ಓದಿ ಹೇಳಿ, ಕಾಗುಣಿತ ತಪ್ಪಿಗೆ ವಿಜ್ಞಾನ ಸಮಾಜದಲ್ಲಿ ಮಾರ್ಕ್ಸ್ ಕಳೀಬೇಡಿ, ಹಿಂದಿ ವಿನಾಯಿತಿಗೆ ಬೋರ್ಡಿಗೆ ಬರೀರಿ. ಜೊತೆಗೆ ಸರ್ಟಿಫಿಕೇಟ್ ಜೆರಾಕ್ಸು, ಕಳೆದ ವರ್ಷದ ಎರಡು ಉತ್ತರ ಪತ್ರಿಕೆ, ಒಂದು ಅವನೇ ಬರೆದಿದ್ದು, ಇನ್ನೊಂದು ಅವನು ಹೇಳಿ ಬೇರೆಯವ್ರು ಬರೆದಿದ್ದು, ಒಂದೇ ಪಾಠದ್ದು. ಎಚ್‌ಎಂ ಎರಡನ್ನೂ ಪಕ್ಕ ಪಕ್ಕ ಇಟ್ಕೊಂಡು ನೋಡಿದ್ರು, ಏನೂ ಮಾತಾಡ್ಲಿಲ್ಲ. ಅರ್ಜಿಯ ಇನ್ನೊಂದು ಕಾಪಿ ಮೇಲೆ ಸೀಲು, ಸಹಿ, ತಾರೀಖು ಹಾಕಿಸ್ಕೊಂಡು ಬಂದೆ. ಅದನ್ನ ಮಾತ್ರ ಮರೀಬೇಡಿ, ಬಾಯಲ್ಲಿ ಕೇಳಿದ್ದು ಮುಂದಿನ ಎಚ್‌ಎಂ ಬಂದಾಗ ಉಳಿಯಲ್ಲ.